ಇದು ಬ್ಯಾಟರಿ ಬೆಳಕು

ನಮ್ಮೂರಿನ ಹೆಸರು ಹೇಳಿದರೆ ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುವ ಮೊದಲು ನಿಮ್ಮ ಮುಖ ನೋಡುತ್ತಾನೆ, ಕಣ್ಣು ಒಣಗಿದೆಯೋ ಇಲ್ಲವೋ ಅಂತ. ಹಾಗಾಗಿ ಹೆಸರು ಬೇಡ. ಗುಡ್ಡದ ನೆತ್ತಿಯ ಮೇಲೆ ನಾಲ್ಕಾರು ಬೀದಿಗಳ ಊರು ಅಂದುಕೊಳ್ಳಿ, ಸಾಕು. ನಮ್ಮೂರಲ್ಲಿ ಯಾರಾದರೂ ಮನಸಾರೆ ಅತ್ತರೆ ಅವರ ಬೀದಿಯ ಕರೆಂಟು ಹೋಗುತ್ತದೆ. ಅಳುವವರ ಮನೆಯದು ಮಾತ್ರ ಹೋಗುವುದಿಲ್ಲ. ಅಳು ನಿಂತರೆ ಬರುತ್ತದೆ.

ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಈರುಳ್ಳಿ ಹೆಚ್ಚುವಾಗಿನ ಕಣ್ಣೀರು ಲೆಕ್ಕಕ್ಕಿಲ್ಲ. ಎಳೆಗೂಸುಗಳ ಅಳುವೂ ಇಲ್ಲ, ಇದ್ದಿದ್ದರೆ ನಾವೆಲ್ಲ ಚಿಮಣಿ ದೀಪದಲ್ಲೇ ಬಾಳಬೇಕಿತ್ತು. ಧಾರಾವಾಹಿ ನೋಡಿ ಅತ್ತರೆ ಒಮ್ಮೊಮ್ಮೆ ಹೋಗುತ್ತದೆ. ಆಗ ಉಳಿದವರ ಟಿವಿಯೆಲ್ಲ ಆರಿ, ಕಥೆ ಮುಂದೇನಾಯಿತು ಅಂತ ತಿಳಿಯಲು ಎಲ್ಲರೂ ಅತ್ತವಳ ಮನೆಗೇ ನುಗ್ಗುತ್ತಾರೆ. ಪ್ರತಿ ಮನೆಯ ಬಾಗಿಲ ಮೇಲೆ ಒಂದು ಬಲ್ಬು ಹಗಲೂ ರಾತ್ರಿ ಉರಿಯುತ್ತಿರಬೇಕು. ಅದಕ್ಕೆ ಬಾಗಿಲ ದೀಪ ಅನ್ನುತ್ತೇವೆ. ಕರೆಂಟು ಹೋದ ಕೂಡಲೇ ಜನ ಕೈಲಿದ್ದದ್ದು ಕೆಳಗಿಟ್ಟು ಬೀದಿಗೆ ಬರುತ್ತಾರೆ, ಯಾವ ಬಾಗಿಲ ದೀಪ ಉಳಿದಿದೆ ಅಂತ ನೋಡುತ್ತಾರೆ, ಆ ಮನೆಗೆ ಹೋಗುತ್ತಾರೆ. ಹೋಗಿ ಏನಾಯಿತು ಅಂತ ಕೇಳಬಾರದು. ಸುಮ್ಮನೆ ಕೂರಬೇಕು. ಮೊದಲು ಹೋದವರು ಟೀಗೆ ನೀರಿಡಬೇಕು. ಗಿರಣಿಯ ಸಣ್ಣಯ್ಯನವರು ಮಾತ್ರ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದು, “ನಿಧಾನಕ್ಕೆ ಅಳಮ್ಮ, ಅವಸರ ಏನಿಲ್ಲ. ಜನದ ರಾಗಿ ಅರ್ಧಕ್ಕೆ ನಿಂತಿದೆ, ನಿಂತಿರಲಿ” ಅನ್ನುವರು. ಅಷ್ಟಕ್ಕೇ ಎಷ್ಟೋ ಸಲ ಅಳುವವರಿಗೆ ನಗು ಬಂದು ಕರೆಂಟು ವಾಪಸು ಬಂದದ್ದಿದೆ.

ನನ್ನ ಅಜ್ಜಿ ಒಂದು ಬಾವಿಯ ಕಥೆ ಹೇಳುತ್ತಿದ್ದಳು. ಕ್ಷೇಮ ಕೇಳದೆ ಇಳಿಸಿದ ಕೊಡವನ್ನು ಆ ಬಾವಿ ಖಾಲಿಯೇ ಮೇಲೆ ಕಳಿಸುತ್ತಿತ್ತಂತೆ. ಅಂಥ ಕಥೆಗಳನ್ನೇ ಉಂಡು ಬೆಳೆದವಳು ನಾನು. ಅಜ್ಜಿ ಹೋದಳು, ಕಥೆಗಳು ನನ್ನಲ್ಲಿ ಉಳಿದವು, ಅವುಗಳಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ನಾನು ವಿಡಿಯೋ ಎಡಿಟಿಂಗ್ ಕಲಿತೆ. ಮದುವೆ, ನಾಮಕರಣ, ಗೃಹಪ್ರವೇಶ. ಯಾರೋ ತೆಗೆದದ್ದನ್ನು ನಾನು ಕತ್ತರಿಸಿ ಜೋಡಿಸಿ ಹಾಡು ಹಾಕಿಕೊಡುತ್ತೇನೆ. ಬೀದಿಯ ಕಡೆಯ ಕೋಣೆಯಲ್ಲಿ ಎರಡು ಪರದೆಗಳ ದೊಡ್ಡ ಕಂಪ್ಯೂಟರ್. ಅಮ್ಮ ಸ್ಕೂಲಿಗೆ ಪಾಠಕ್ಕೆ ಹೋದಮೇಲೆ ಮನೆಯಲ್ಲಿ ನಾನು ಮತ್ತು ಅದು.

ಎದುರುಮನೆಯವಳು ಮಾಲಿನಕ್ಕ. ಸೀರೆಗೆ ಫಾಲ್ಸ್ ಹೊಲಿಯುವುದು, ಕುಚ್ಚು ಕಟ್ಟುವುದು, ರವಿಕೆ ಬಿಗಿಯಾದರೆ ಬಿಚ್ಚಿಕೊಡುವುದು. ತಂಗಿ ಸತ್ತಮೇಲೆ ತಂಗಿಯ ಮಗು ತುಂಗಾಳನ್ನು ತಂದು ತನ್ನದೇ ಅನ್ನುವಂತೆ ಸಾಕಿದಳು. ಮಗುವಿಗೆ ಜಡೆ ಎರಡಾಗಿ ಹಾಕುವಷ್ಟು ಕೂದಲು ಬೆಳೆಯಿತು. ಅಷ್ಟರಲ್ಲಿ ಅದರ ಅಪ್ಪ ಮತ್ತೊಂದು ಮದುವೆಯಾಗಿ, ನನ್ನ ಮಗಳು ನನಗಿರಲಿ ಅಂತ ಬಂದು ಕರೆದುಕೊಂಡು ಹೋದ. ತಪ್ಪು ಅನ್ನುವಂತಿಲ್ಲ, ಸರಿ ಅನ್ನಲೂ ಬಾಯಿ ಬರುವುದಿಲ್ಲ. ಅಂದಿನಿಂದ ಮಧ್ಯಾಹ್ನ ಸ್ಕೂಲಿನ ವ್ಯಾನು ನಮ್ಮ ಬೀದಿಯ ತಿರುವಿನಲ್ಲಿ ಹಾರನ್ ಹೊಡೆದರೆ ಮಾಲಿನಕ್ಕ ಸೂಜಿ ಕೆಳಗಿಡುವಳು, ಗಿರಣಿ ಗಕ್ಕನೆ ನಿಲ್ಲುವುದು, ನನ್ನ ಎರಡೂ ಪರದೆ ಕಪ್ಪಾಗುವವು.

ಎದುರುಮನೆ ಅಂದಮೇಲೆ ಮೊದಲು ತಲುಪುವವಳು ನಾನೇ. ಟೀ ನಾನೇ ಇಡುತ್ತಿದ್ದೆ. ಅವಳ ಡಬ್ಬಿಗಳಲ್ಲಿ ಯಾವುದರಲ್ಲಿ ಸಕ್ಕರೆ, ಯಾವುದರಲ್ಲಿ ಗುಂಡಿ ಅಂತ ನನಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು. ಅವಳು ಅಳುವಾಗ ನಾನು ಅಜ್ಜಿಯ ಕಥೆ ಹೇಳುವೆ, ಅವಳು ಮೂಗು ಒರೆಸುತ್ತ ತಪ್ಪು ಹಿಡಿಯುವಳು.

“ನೆನ್ನೆ ಆ ಬಾವಿ ಪಶ್ಚಿಮಕ್ಕಿತ್ತಲ್ಲೇ? ಇವತ್ತು ಪೂರ್ವಕ್ಕೆ ಹೇಗ್ ಬಂತು?”

“ಕಥೆ ಬಾವಿ ಅಲ್ವಾ ಮಾಲಿನಕ್ಕ, ಓಡಾಡುತ್ತೆ.”

“ನಿಮ್ಮಜ್ಜಿ ಹಿಂಗ್ ಹೇಳ್ತಿರ್ಲಿಲ್ಲ. ನೀನು ಕಥೇನೂ ಕತ್ತರಿಸಿ ಜೋಡಿಸ್ತೀಯ ಅಂತ ಕಾಣುತ್ತೆ.”

ಅಷ್ಟೊತ್ತಿಗೆ ಗಿರಣಿ ಗುರ್ ಅನ್ನುವುದು. ನಾನು ಎದ್ದು ಬರುವೆ. ಅದೊಂದು ದಿನಚರಿಯಾಗಿತ್ತು. ಈಗ ಹೇಳಬಹುದು, ನನಗೆ ಅದು ಇಷ್ಟವಾಗಿತ್ತು. ಆಗ ಮಾತ್ರ ಕೆಲಸ ಕೆಡುತ್ತದೆ ಅಂತಲೇ ಗೊಣಗುತ್ತಿದ್ದೆ.

ಕೆಲಸ ಕೆಟ್ಟದ್ದೂ ಹೌದು. ಸಣ್ಣಯ್ಯನವರ ಮಗಳ ಮದುವೆಯ ಫಿಲ್ಮು ಮುಗಿದು, ಕಂಪ್ಯೂಟರು ಅದನ್ನೆಲ್ಲ ಒಟ್ಟುಮಾಡಿ ಕಟ್ಟುತ್ತಿತ್ತು. ಅಂಥ ಹೊತ್ತಲ್ಲಿ ಅದರ ಕೊರಳು ಹಿಸುಕಬಾರದು. ವ್ಯಾನು ಹಾರನ್ ಹೊಡೆಯಿತು, ಎಲ್ಲ ಆರಿತು. ಕರೆಂಟು ಬಂದಮೇಲೆ ನೋಡಿದರೆ ಡಿಸ್ಕು ಕೆಟ್ಟು, ಮುಹೂರ್ತದ ಭಾಗವೇ ಅರ್ಧ ಅಳಿಸಿಹೋಗಿತ್ತು. ಕ್ಯಾಮೆರಾದವನು ಅಷ್ಟರಲ್ಲಿ ತನ್ನ ಕಾರ್ಡನ್ನು ಖಾಲಿ ಮಾಡಿಕೊಂಡು ಬೇರೆ ಮದುವೆಗೆ ಹೋಗಿದ್ದ.

“ತಾಳಿಗೆ ಮೂರು ಗಂಟು ಹಾಕಿದ್ದು ನಾನು ಕಣ್ಣಾರೆ ನೋಡಿದೀನಿ. ಇದ್ರಲ್ಲಿ ಎರಡೇ ಇದೆ. ಇನ್ನೊಂದು ಎಲ್ಲಮ್ಮ?” ಅಂದರು ಸಣ್ಣಯ್ಯನವರು.

“ಕರೆಂಟು ಹೋಯ್ತು, ಅಣ್ಣ.”

“ನಂದೂ ಹೋಗುತ್ತೆ. ಗೋಧಿ ಏನಾದ್ರೂ ಮಾಯ ಆಗುತ್ತಾ? ಬೀಗರು ಕೇಳ್ತಾರೆ, ಏನ್ರೀ ಮದುವೆ ಎರಡು ಗಂಟಿಗೇ ನಿಲ್ಸಿದ್ರಾ ಅಂತ. ಏನಂತ ಹೇಳ್ಲಿ?”

ಮರುದಿನವೇ ಗುಡ್ಡ ಇಳಿದು ಕೆಳಗಿನ ಪೇಟೆಗೆ ಹೋದೆ. ಅದು ಎಲ್ಲ ಊರಿನಂಥ ಊರು, ಅಲ್ಲಿ ಯಾರು ಅತ್ತರೂ ಏನೂ ಆಗುವುದಿಲ್ಲ. ಅಲ್ಲಿ ಖಲಂದರ್ ಸಾಬರ ಬ್ಯಾಟರಿ ಅಂಗಡಿ. ಬಿಳಿ ಗಡ್ಡ, ಬನಿಯನ್ನಿನ ಮೇಲೆ ಆಸಿಡ್ಡು ತಿಂದ ತೂತುಗಳು.

“ಏನೇನು ನಡೀಬೇಕು ಮಗಳೇ ಅದರ ಮೇಲೆ?” ಅಂದರು. ಕಂಪ್ಯೂಟರು, ಎರಡು ಪರದೆ, ಸ್ಪೀಕರು, ಒಂದು ಫ್ಯಾನು ಅಂದೆ. ಅವರು ಬೆರಳ ಗೆಣ್ಣಿನಲ್ಲಿ ಎಣಿಸಿಕೊಂಡು ಎರಡು ವಸ್ತು ತೋರಿಸಿದರು. ಒಂದು ಟಿಫನ್ ಕ್ಯಾರಿಯರಿನಷ್ಟು ಎತ್ತರದ ಯುಪಿಎಸ್ಸು. ಇನ್ನೊಂದು ಇನ್ವರ್ಟರು, ಜೊತೆಗೆ ಮೊಣಕಾಲೆತ್ತರದ ಎರಡು ಬ್ಯಾಟರಿಗಳು.

“ಈ ಚಿಕ್ಕದು ಹತ್ತು ಹನ್ನೆರಡು ನಿಮಿಷ ತಡ್ಕೊಳ್ಳುತ್ತೆ. ಕರೆಂಟು ಹೋದ್ರೆ ಕೂಗ್ಕೊಳ್ಳುತ್ತೆ. ಕೆಲಸ ಸೇವ್ ಮಾಡಿ, ಮಿಷನ್ನು ಮರ್ಯಾದೆಯಿಂದ ಮಲಗ್ಸಿ, ಎದ್ದು ಹೋಗೋಕೆ ಸಾಕು. ಕೂತ್ಕೊಂಡು ಕೆಲಸ ಮಾಡೋಕೆ ಸಾಲ್ದು.”

“ದೊಡ್ಡದು?”

“ದೊಡ್ಡದು ಇದ್ರೆ ಏಳೋದೇ ಬೇಡ. ಸಂಜೇವರೆಗೂ ಎಳೆಯುತ್ತೆ. ಇದರ ಕರೆಂಟು ನಿಮ್ಮ ಲೈನಿನ ಕರೆಂಟಿಗಿಂತ ನಯ, ಕಂಪ್ಯೂಟರಿಗೆ ಹೋಗಿದ್ದೂ ಗೊತ್ತಾಗಲ್ಲ, ಬಂದಿದ್ದೂ ಗೊತ್ತಾಗಲ್ಲ. ನೀರು ಕೇಳುತ್ತೆ ಆಗಾಗ, ಬಾಟಲಿಯಲ್ಲಿ ಬರೋ ಶುದ್ಧ ನೀರು, ನಲ್ಲಿದಲ್ಲ.” ಆಮೇಲೆ ನನ್ನ ಮುಖ ನೋಡಿ, “ನೀನು ಮೇಲಿನೂರಿನವಳಲ್ವಾ? ನಿಮಗೆ ಚಿಕ್ಕದೇ ಸರಿ ಅಂತ ನಂಗನ್ನಿಸುತ್ತೆ. ಎದ್ದು ಹೋಗೋ ಕೆಲಸ ಇರುತ್ತಲ್ಲ ನಿಮಗೆ” ಅಂದರು.

ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಚಿಕ್ಕದು ಕೂಗಿದರೆ ಎದ್ದು ಹೋಗಬೇಕು, ಅರ್ಧ ಮಧ್ಯಾಹ್ನ ಹೋಗುತ್ತದೆ, ಮತ್ತೆ ಯಾರದೋ ಮದುವೆ ತಡವಾಗುತ್ತದೆ. ದೊಡ್ಡದಿದ್ದರೂ ಎದ್ದು ಹೋಗಬಾರದು ಅಂತ ಯಾರಾದರೂ ಕಟ್ಟಿಹಾಕುತ್ತಾರೆಯೇ? ಕೆಲಸ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ನಾನು ನಿಶ್ಚಿಂತೆಯಿಂದ ಮಾಲಿನಕ್ಕನ ಮನೆಯಲ್ಲಿ ಕೂರಬಹುದು. ಹೀಗೆ ನನಗೆ ನಾನೇ ಒಂದು ಕಥೆ ಹೇಳಿಕೊಂಡೆ. ಚೆನ್ನಾಗಿಯೇ ಇತ್ತು ಕಥೆ. ದೊಡ್ಡದನ್ನೇ ಕೊಂಡೆ.

ಜೋಡಿಸಲು ಬಂದವನು ಸಾಬರ ಅಂಗಡಿಯ ಎಲೆಕ್ಟ್ರಿಷಿಯನ್ ಡೇವಿಡ್. ಗೋಡೆಯ ಸ್ವಿಚ್ ಪೆಟ್ಟಿಗೆ ಬಿಚ್ಚಿ ನೋಡಿ ಕೂಗಿದ: “ಮೇಡಂ, ನಿಮ್ಮ ಬಾಗಿಲ ದೀಪದ ವೈರೂ ಈ ಕೋಣೆ ಲೈನಲ್ಲೇ ಇದೆ. ಅದನ್ನ ಬೇರೆ ಮಾಡ್ಬೇಕಂದ್ರೆ ಗೋಡೆ ಒಡೀಬೇಕು, ನಾಳೆ ಬಂದು ಗಾರೆ ಮಾಡ್ಬೇಕು. ಏನ್ಮಾಡ್ಲಿ?”

ಸಣ್ಣಯ್ಯನವರ ಫಿಲ್ಮು ಮತ್ತೆ ಮೊದಲಿನಿಂದ ಜೋಡಿಸಬೇಕಿತ್ತು. ಗೋಡೆ ಒಡೆದರೆ ದೂಳು, ದೂಳು ಕಂಪ್ಯೂಟರಿಗೆ ಆಗದು. “ಇರಲಿ ಬಿಡಿ, ಅದೂ ಬ್ಯಾಟರಿ ಮೇಲೇ ಇರಲಿ” ಅಂದೆ.

ಅವತ್ತು ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಂಗಳವಾದ್ಯವನ್ನು ತಾಳಕ್ಕೆ ಕೂರಿಸುತ್ತಿದ್ದೆ. ಹೆಗಲ ಮೇಲೆ ಕೈ ಬಿತ್ತು. ತಿರುಗಿದರೆ ಕೋಣೆ ತುಂಬ ಜನ. ಮೂಲೆಮನೆಯ ರಂಗನಾಯಕಮ್ಮನವರು ನನ್ನ ತಲೆಯನ್ನು ಎದೆಗೊತ್ತಿಕೊಂಡುಬಿಟ್ಟರು. ಅಡುಗೆಮನೆಯಲ್ಲಿ ಯಾರೋ ಟೀಗೆ ನೀರಿಟ್ಟ ಸದ್ದು.

“ಅತ್ಬಿಡು ಕಂದ, ಅತ್ಬಿಡು.”

“ನಾನು ಅಳ್ತಾ ಇಲ್ಲ ರಂಗನಾಯಕಮ್ಮ!”

“ಹಂಗೇ ಅಂತಾರೆ ಎಲ್ಲಾರೂ. ಮದುವೆ ವಯಸ್ಸು, ದಿನಾ ಕೂತ್ಕೊಂಡು ಬೇರೆಯವ್ರ ಮದುವೆ ನೋಡ್ಬೇಕು ಅಂದ್ರೆ ಯಾರಿಗ್ ತಾನೆ ಅಳು ಬರಲ್ಲ?”

ಎಲ್ಲರೂ ಲೊಚಗುಟ್ಟಿದರು. ನಾನು ಬ್ಯಾಟರಿ ತೋರಿಸಿದೆ. ಸಣ್ಣಯ್ಯನವರು ಅದರ ಸುತ್ತ ಎರಡು ಸಲ ಸುತ್ತಿ ಬಂದು, “ಇದು ಗಿರಣಿ ಎಳೆಯುತ್ತಾ?” ಅಂತ ಕೇಳಿದರು. ಎಲ್ಲರಿಗೂ ನಗು. ಟೀ ಬಂತು, ಕುಡಿದೆವು. ಅಷ್ಟರಲ್ಲಿ ಹೊರಗೆ ಬೀದಿಯ ಬಾಗಿಲ ದೀಪಗಳೆಲ್ಲ ಹೊತ್ತಿಕೊಂಡವು. ಕಿಟಕಿಯಲ್ಲಿ ನೋಡಿದರೆ ಮಾಲಿನಕ್ಕ ತನ್ನ ಬಾಗಿಲಲ್ಲಿ ನಿಂತು ನಮ್ಮ ಮನೆಯ ಗುಂಪನ್ನು ನೋಡುತ್ತಿದ್ದಳು. ಮುಖ ತೊಳೆದುಕೊಂಡಾಗಿತ್ತು. ನಾನು ಕೈ ಬೀಸಿದೆ. ಅವಳೂ ಬೀಸಿದಳು, ಕೈಲಿದ್ದ ಸೀರೆಯ ಸಮೇತ.

ಮುಂದೆಯೂ ಹಾಗೇ. ಎರಡು ದೀಪ ಉರಿದರೆ ಜನ ಎತ್ತ ಹೋಗಬೇಕು? ಅರ್ಧ ಮಂದಿ ಇಲ್ಲಿ, ಅರ್ಧ ಅಲ್ಲಿ, ಕೆಲವರು ನಡುಬೀದಿಯಲ್ಲಿ. ಕೊನೆಗೆ ರಂಗನಾಯಕಮ್ಮನವರೇ ರೇಗಿದರು: “ಒಂದು ಬೋರ್ಡಾದ್ರೂ ಹಾಕೇ ತಾಯಿ, ನಿನ್ನ ಸಮಾಧಾನ ಮಾಡಿ ಮಾಡಿ ನನ್ನ ಮಂಡಿ ಸವೀತು.” ಗೋಡೆ ಒಡೆಸುವುದಕ್ಕಿಂತ ಬೋರ್ಡು ಸುಲಭವಾಗಿ ಕಂಡಿತು. ನಾನು ಮದುವೆ ಫಿಲ್ಮಿನ ಹೆಸರಿಗೆ ಹಾಕುವ ದುಂಡು ಅಕ್ಷರದಲ್ಲೇ ‘ಇದು ಬ್ಯಾಟರಿ ಬೆಳಕು’ ಅಂತ ಮುದ್ರಿಸಿ ಬಾಗಿಲಿಗೆ ಅಂಟಿಸಿದೆ. ಜನ ನಮ್ಮ ಮನೆಗೆ ಬರುವುದು ನಿಂತಿತು. ಮಾಲಿನಕ್ಕನ ಮನೆಗೆ ಮೊದಲಿನಂತೆ ಹೋದರು. ನಾನೂ ಹೋಗಬೇಕಿತ್ತು. ಆದರೆ ಕರೆಂಟು ಹೋದದ್ದು ನನಗೆ ಗೊತ್ತಾದರೆ ತಾನೇ? ಕಿವಿಯಲ್ಲಿ ವಾದ್ಯ, ಕಣ್ಣೆದುರು ಬೆಳಗುವ ಪರದೆ. ತಲೆ ಎತ್ತುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ನಾಳೆ ಹೋಗೋಣ ಅಂದುಕೊಳ್ಳುವುದು. ನಾಳೆಗೆ ಇನ್ನೊಂದು ನಾಮಕರಣ.

ಸಣ್ಣಯ್ಯನವರು ಗಿರಣಿಗೆ ಡೀಸೆಲ್ ಇಂಜಿನ್ನು ಕೂರಿಸಿ, ಅದರ ಮೇಲಿನ ಮನೆಗೆ ಬ್ಯಾಟರಿ ಹಾಕಿಸಿದರು. ಆಮೇಲೆ ರಂಗನಾಯಕಮ್ಮನವರ ಸೊಸೆ ಹಟ ಹಿಡಿದು ಹಾಕಿಸಿದಳು, ಆಮೇಲೆ ಪಕ್ಕದವರು, ಅವರ ಪಕ್ಕದವರು. ಡೇವಿಡ್ ವಾರಕ್ಕೊಮ್ಮೆ ಮೇಲೆ ಬರುತ್ತಿದ್ದ. ಎಲ್ಲರ ಮನೆಯ ಬಾಗಿಲ ದೀಪವೂ ಯಾವುದೋ ಕೋಣೆಯ ಲೈನಿನಲ್ಲೇ ಇತ್ತು, ಯಾರೂ ಗೋಡೆ ಒಡೆಸಲಿಲ್ಲ. ಬೋರ್ಡಿಗೆ ನನ್ನ ಹತ್ತಿರವೇ ಬರುತ್ತಿದ್ದರು. ನಾನು ಖುಷಿಯಾಗಿ ಮುದ್ರಿಸಿಕೊಟ್ಟೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಅಂಚು, ಮೂಲೆಗೊಂದು ಮಾವಿನೆಲೆ.

ಮಾಲಿನಕ್ಕನೂ ಬಂದಳು.

“ಏ ಇಂದು, ನಂಗೂ ಒಂದು ಬರ್ಕೊಡೇ.”

“ನೀನೂ ಹಾಕ್ಸಿದ್ಯಾ? ಹೇಳ್ಲೇ ಇಲ್ಲ!”

“ಎಲ್ಲಾ ಹಾಕ್ಸಿದ್ಮೇಲೆ ನಾನೊಬ್ಳು ಏನ್ ಮಹಾ.” ಅವಳು ನನ್ನ ಪರದೆಯ ಮೇಲಿನ ಮದುಮಗಳನ್ನು ನೋಡುತ್ತ ನಿಂತಳು. “ಫಾಲ್ಸ್ ನಾನೇ ಹೊಲ್ದಿದ್ದು ಈ ಸೀರೆಗೆ. ಇಲ್ಲಿ ನೋಡಿದ್ರೆ ಎಷ್ಟು ಚಂದ ಬಿದ್ದಿದೆ.” ಆಮೇಲೆ, “ಬಾವಿ ಈಗ ಯಾವ ದಿಕ್ಕಿಗಿದ್ಯೇ?” ಅಂದಳು.

“ಈ ಕೆಲಸ ಒಂದು ಮುಗೀಲಿ ಮಾಲಿನಕ್ಕ, ಬಂದು ಹೇಳ್ತೀನಿ” ಅಂದೆ. ಅವಳ ಬೋರ್ಡಿಗೆ ನೇರಳೆ ಅಂಚು ಹಾಕಿದೆ, ಅವಳಿಗೆ ಆ ಬಣ್ಣ ಇಷ್ಟ ಅಂತ.

ಒಂದೇ ಒಂದು ದಿನ ಹೋದೆ. ಬೇಗ ಕೆಲಸ ಮುಗಿದಿತ್ತು, ವ್ಯಾನು ಆಗಷ್ಟೇ ಹಾದುಹೋಗಿತ್ತು. ಬೀದಿ ದಾಟಿ ಅವಳ ಹೊಸಿಲವರೆಗೂ ಹೋದೆ. ಬಾಗಿಲು ಮುಂದಕ್ಕೆ ಮಾಡಿತ್ತು. ದೀಪ ಉರಿಯುತ್ತಿತ್ತು. ಅದರ ಕೆಳಗೆ ನೇರಳೆ ಅಂಚಿನ ನನ್ನದೇ ಅಕ್ಷರ, ‘ಇದು ಬ್ಯಾಟರಿ ಬೆಳಕು’. ಬೀದಿಯುದ್ದಕ್ಕೂ ಎಲ್ಲ ಬಾಗಿಲ ದೀಪಗಳೂ ಉರಿಯುತ್ತಿದ್ದವು. ಯಾರೂ ಅಳುತ್ತಿಲ್ಲ, ಸದ್ಯ ಮಾಲಿನಕ್ಕ ಮರೆತಳು ಅಂದುಕೊಂಡೆ. ಮಲಗಿದ್ದಾಳೇನೋ, ಎಬ್ಬಿಸುವುದು ಬೇಡ ಅಂತ ತಿರುಗಿ ಬಂದೆ. ಹಗುರವಾಗಿತ್ತು ಮನಸ್ಸು, ಒಳ್ಳೆಯದನ್ನು ಮಾಡಿ ಬಂದವಳ ಹಾಗೆ.

ಆ ತಿಂಗಳೇ ಅವಳು ಮನೆ ಖಾಲಿ ಮಾಡಿದಳು. ಕೆಳಗಿನ ಪೇಟೆಯಲ್ಲಿ ಸೀರೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತಂತೆ. ಹೋಗುವಾಗ ನಾನು ಒಂದು ಆರತಕ್ಷತೆಯೊಳಗೆ ಮುಳುಗಿದ್ದೆ, ಕಿಟಕಿಯಿಂದಲೇ ಹೋಗಿ ಬಾ ಅಂದೆ. ನಾಲ್ಕು ದಿನ ಬಿಟ್ಟು ಡೇವಿಡ್ ಯಾರದೋ ಬ್ಯಾಟರಿಗೆ ನೀರು ಹಾಕಲು ಬಂದಿದ್ದ. ಹೊಸ ಬಾಡಿಗೆಯವರಿಗಾಗಿ ಎದುರುಮನೆ ಬಾಗಿಲು ತೆರೆದಿತ್ತು. “ಮಾಲಿನಕ್ಕನ ಬ್ಯಾಟರಿ ಬಿಟ್ಟು ಹೋದ್ಳಾ, ತಗೊಂಡು ಹೋದ್ಳಾ ನೋಡಿ” ಅಂದೆ ಅವನಿಗೆ.

“ಯಾವ ಬ್ಯಾಟರಿ? ಆ ಮನೇಗೆ ನಾನು ಹಾಕೇ ಇಲ್ವಲ್ಲ.”

ಬೇರೆ ಯಾರಾದರೂ ಹಾಕಿರಬಹುದು ಅಂದೆ. ಅವನು ಒಳಗೆ ಹೋಗಿ ಸ್ವಿಚ್ ಪೆಟ್ಟಿಗೆ ಬಿಚ್ಚಿ ತೋರಿಸಿದ. ಅಜ್ಜಿಯ ಕಾಲದ ವೈರು, ಬಟ್ಟೆ ಸುತ್ತಿದ್ದು. ಯಾವ ಬ್ಯಾಟರಿಯ ಗುರುತೂ ಇಲ್ಲ. ನಾನು ಹೋದ ದಿನ ಆ ಬಾಗಿಲ ದೀಪ ಉರಿದದ್ದು ಲೈನಿನ ಕರೆಂಟಿನಿಂದ. ಬೀದಿಯ ಉಳಿದ ದೀಪಗಳಷ್ಟೂ ಬ್ಯಾಟರಿಯವು. ಮುಂದಕ್ಕೆ ಮಾಡಿದ್ದ ಬಾಗಿಲ ಹಿಂದೆ, ನನ್ನಿಂದ ಒಂದು ಮೊಳ ದೂರದಲ್ಲಿ, ಅವಳು ಅಳುತ್ತ ಕೂತಿದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಇಳಿದೆ. ಸೀರೆ ಅಂಗಡಿಯ ಹಿಂಭಾಗದ ಉದ್ದ ಕೋಣೆಯಲ್ಲಿ ಏಳೆಂಟು ಹೊಲಿಗೆ ಮಿಷನ್ನುಗಳು, ಎಲ್ಲಕ್ಕೂ ಮೋಟಾರು. ಮಾಲಿನಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತಿರುಗಿ ನನ್ನನ್ನು ಕಂಡಾಗ ಮುಖ ಅರಳಿತು.

“ಅಯ್ಯೋ ಇಂದು! ಮಿಷನ್ ನಿಲ್ಸಂಗಿಲ್ಲ ಕಣೇ, ಮೇಸ್ತ್ರಿ ಬೈತಾನೆ. ಇಲ್ಲೇ ಹಿಂದೆ ಆ ಸ್ಟೂಲ್ ಎಳ್ಕೊಂಡು ಕೂತ್ಕೊ. ಮಾತಾಡು, ಕೇಳ್ತಿರ್ತೀನಿ.”

ಕೂತೆ. “ಯಾಕ್ ಮಾಲಿನಕ್ಕ ಬೋರ್ಡು ಬರಿಸ್ಕೊಂಡೆ?” ಅಂದೆ.

ಸೂಜಿ ಓಡುತ್ತಲೇ ಇತ್ತು. ಅವಳು ಮುಖ ತಿರುಗಿಸದೆ, ಎಂದಿನ ದನಿಯಲ್ಲೇ ಹೇಳಿದಳು. “ಎಲ್ಲರ ಮನೇಲೂ ಬ್ಯಾಟರಿ ಬಂದ್ಮೇಲೆ ಕರೆಂಟು ಹೋಗಿದ್ದು ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾರೂ ಬರ್ತಿರ್ಲಿಲ್ಲ. ದಿನಾ ಬಾಗಿಲು ನೋಡ್ಕೊಂಡು ಕೂರೋದು. ಬರಲಿಲ್ವಲ್ಲ, ಬರಲಿಲ್ವಲ್ಲ ಅಂತ ಅದಕ್ಕೇ ಇನ್ನಷ್ಟು ಅಳು. ಬೋರ್ಡು ಇದ್ರೆ, ಓ, ಬೋರ್ಡು ನೋಡಿ ಬರ್ಲಿಲ್ಲ ಅಂದ್ಕೋಬಹುದಲ್ಲ. ನಿಮ್ಮ ಮೇಲೆ ಬೇಜಾರು ಇರಲ್ಲ. ಅಷ್ಟೇ ಕಣೇ.” ದಾರ ಕಡಿದು ಇನ್ನೊಂದು ಸೀರೆ ಎಳೆದುಕೊಂಡಳು. “ಇಲ್ಲಿ ಆರಾಮು. ಅತ್ರೂ ಒಂದೇ, ಅಳದಿದ್ರೂ ಒಂದೇ. ಯಾರ ಕೆಲಸಾನೂ ಕೆಡಲ್ಲ.”

ನಾನು ಬಂದಿದ್ದೆ, ಹೊಸಿಲವರೆಗೂ ಬಂದಿದ್ದೆ ಅಂತ ಹೇಳಬೇಕು ಅಂದುಕೊಂಡೆ. ಹೇಳಿದ್ದರೆ ಅವಳಿಗೆ ಸಂಕಟವೇ ಹೆಚ್ಚುತ್ತಿತ್ತೋ ಏನೋ. ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ, ಹೆಗಲು ಕುಲುಕುವಷ್ಟು ಅತ್ತೆ. ಅಭ್ಯಾಸಬಲ, ತಲೆಯೆತ್ತಿ ದೀಪ ನೋಡಿದೆ. ಸಾಲಿಗೆ ತೂಗುಹಾಕಿದ ಟ್ಯೂಬ್‌ಲೈಟುಗಳಲ್ಲಿ ಒಂದೂ ಮಿಟುಕಲಿಲ್ಲ. ಫ್ಯಾನುಗಳು ತಿರುಗುತ್ತಿದ್ದವು. ಯಾವ ಮಿಷನ್ನೂ ನಿಲ್ಲಲಿಲ್ಲ.

“ಏನೇ, ಸುಮ್ನಾಗ್ಬಿಟ್ಟೆ?” ಅಂದಳು ಮಾಲಿನಕ್ಕ, ಮಿಷನ್ನಿನ ಸದ್ದಿಗೆ ಸ್ವಲ್ಪ ದನಿ ಏರಿಸಿ. ನನ್ನ ಉತ್ತರಕ್ಕೆ ಒಂದಿಷ್ಟು ಕಾದಳು. ಆಮೇಲೆ ಸೀರೆಯ ಅಂಚನ್ನು ಸೂಜಿಗೆ ಕೊಟ್ಟು, ಪೆಡಲ್ ಒತ್ತಿದಳು.